ದೊಡ್ಡಪ್ಪ, ನೀವು ಆ ಪುಸ್ತಕವನ್ನು ಹಿಂದಿನಿಂದ ಓದಿದ್ದೀರಿ

ದೊಡ್ಡಪ್ಪ, ನಮಸ್ಕಾರ. ಗ್ರೂಪಿನ ಉಳಿದವರಿಗೂ. ಇದು ಉದ್ದ ಆಗುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಪುರುಸೊತ್ತು ಇಲ್ಲದವರು ಅತ್ತಿಗೆ ಹಾಕಿರುವ ಮಾವಿನಮಿಡಿ ಫೋಟೋ ನೋಡಿಕೊಂಡು ಮುಂದೆ ಹೋಗಬಹುದು.

ನಿನ್ನೆ ರಾತ್ರಿ ದೊಡ್ಡಪ್ಪ ಕೇಳಿದ್ದು ಇಷ್ಟು. "ಪುಟ್ಟಿಗೆ ನೀನು ಕೊಟ್ಟ ಜಪಾನಿ ಚಿತ್ರಕಥೆ ನೋಡಿದೆ. ಮುಂದಿನ ಕಾಲದ ಕಥೆ ಅಂತೀಯ. ಯುದ್ಧ ಇಲ್ಲ, ಕಳ್ಳ ಇಲ್ಲ, ಒಂದು ರಾಕೆಟ್ ಕೂಡ ಇಲ್ಲ. ಒಬ್ಬ ಹುಡುಗಿ ಕಾಫಿ ಮಾಡುತ್ತಾಳೆ, ಸ್ಕೂಟರ್ ಓಡಿಸುತ್ತಾಳೆ. ಕಥೆ ಎಲ್ಲಿದೆ?" ಅದಕ್ಕೆ ಭಾವ ಮೂರು ನಗುವ ಮುಖ ಹಾಕಿದ್ದಾರೆ. ಅಕ್ಕ "ನಿದ್ದೆ ಮಾತ್ರೆ ಇದ್ದ ಹಾಗಿದೆ" ಅಂದಿದ್ದಾಳೆ. ಭಾವ, ನಿಮ್ಮ ಲೆಕ್ಕ ಆಮೇಲೆ ಚುಕ್ತಾ ಮಾಡುತ್ತೇನೆ.

ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ. ನೀವು ಪುಸ್ತಕವನ್ನು ಹಿಂದಿನಿಂದ ಓದಿದ್ದೀರಿ. ಜಪಾನಿನ ಮಾಂಗಾವನ್ನು, ಅಂದರೆ ಅವರ ಚಿತ್ರಕಥೆಯನ್ನು, ಬಲದಿಂದ ಎಡಕ್ಕೆ ಓದಬೇಕು. ನಮಗೆ ಹಿಂದಿನ ರಟ್ಟು ಅನ್ನಿಸುವುದೇ ಅವರಿಗೆ ಮುಂದಿನ ರಟ್ಟು. ಇಂಗ್ಲಿಷಿಗೆ ತಂದವರೂ ಹಾಗೇ ಉಳಿಸಿಕೊಂಡಿದ್ದಾರೆ. ಪುಟ್ಟಿ ಫೋನಿನಲ್ಲಿ ಹೇಳಿದಳು, "ಅಜ್ಜ ಕೊನೇ ಪುಟದಿಂದ ಶುರು ಮಾಡಿದರು, ಪಾಪ ಅಂತ ನಾನು ಸುಮ್ಮನಿದ್ದೆ" ಅಂತ. ಬೇರೆ ಯಾವುದಾದರೂ ಕಥೆಯನ್ನು ಹೀಗೆ ಓದಿದ್ದರೆ ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾಗಿಬಿಡುತ್ತಿತ್ತು. ಇದರಲ್ಲಿ ಅಂಥ ನಷ್ಟವೇನೂ ಆಗಿಲ್ಲ. ಅಂದರೆ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ, ಒಪ್ಪುತ್ತೇನೆ.

ಆ ಪುಸ್ತಕದ ಹೆಸರು ‘ಯೊಕೊಹಾಮಾ ಕೈದಾಶಿ ಕಿಕೋ’. ಯೊಕೊಹಾಮಾಗೆ ಸಾಮಾನು ತರಲು ಹೋಗಿ ಬಂದ ಪ್ರವಾಸಕಥನ ಅಂತ ಅರ್ಥ. ನಮ್ಮ ಬಾಯಲ್ಲಿ ಹೇಳಿದರೆ ಸಾಗರದ ಸಂತೆಗೆ ಹೋಗಿ ಬಂದದ್ದು ಅನ್ನಿ. ಬರೆದು ಚಿತ್ರ ಬಿಡಿಸಿದವರು ಹಿತೋಶಿ ಅಶಿನಾನೊ. 1994ರಿಂದ 2006ರವರೆಗೆ ‘ಆಫ್ಟರ್‌ನೂನ್’ ಅನ್ನುವ ಮಾಸಪತ್ರಿಕೆಯಲ್ಲಿ ಬಂತು. ಒಟ್ಟು 14 ಸಂಪುಟ. ನೀವು ಕೇಳಿದ "ಏನೂ ಆಗದ" ಕಥೆಯನ್ನು ಜನ ಹನ್ನೆರಡು ವರ್ಷ ತಿಂಗಳು ತಿಂಗಳು ಕಾದು ಓದಿದ್ದಾರೆ! ಮುಗಿದ ಮೇಲೆ, 2007ರಲ್ಲಿ, ಜಪಾನಿನ ವೈಜ್ಞಾನಿಕ ಕಥೆಗಳಿಗೆ ಕೊಡುವ ಸೇಯುನ್ ಪ್ರಶಸ್ತಿಯೂ ಬಂತು.

ಕಥೆ ನಡೆಯುವುದು ಟೋಕಿಯೊದ ದಕ್ಷಿಣಕ್ಕೆ ಸಮುದ್ರದೊಳಗೆ ಚಾಚಿಕೊಂಡಿರುವ ಮಿಯುರಾ ಅನ್ನುವ ಕಡೆ. ಅಲ್ಲಿ ಒಂದು ಚಿಕ್ಕ ಕಾಫಿ ಅಂಗಡಿ. ನೋಡಿಕೊಳ್ಳುವವಳು ಆಲ್ಫಾ. ಅವಳು ರೋಬೋ. ನೀವು ಹುಡುಗಿ ಅಂದುಕೊಂಡಿರಿ, ಅದರಲ್ಲಿ ತಪ್ಪಿಲ್ಲ, ಅಲ್ಲಿ ಎಲ್ಲರೂ ಅವಳನ್ನು ಹಾಗೇ ನೋಡುತ್ತಾರೆ. ಅಂಗಡಿಯ ಮಾಲೀಕರು ಎಲ್ಲಿಗೋ ಹೊರಟು ಹೋಗಿದ್ದಾರೆ. ಯಾವಾಗ ಬರುತ್ತಾರೋ ಗೊತ್ತಿಲ್ಲ. ಗಿರಾಕಿಗಳು ಬಂದರೆ ಬಂದರು. ಹತ್ತಿರದಲ್ಲಿ ಒಂದು ಪೆಟ್ರೋಲ್ ಬಂಕ್, ಅದನ್ನು ನಡೆಸುವ ಒಬ್ಬ ಮುದುಕ. ಎಲ್ಲರಿಗೂ ಅವರು ‘ಓಜಿಸಾನ್’, ನಾವು ‘ಮಾವ’ ಅಂದ ಹಾಗೆ. ಮೊದಲ ಅಧ್ಯಾಯದಲ್ಲಿ ಆಲ್ಫಾ ಕಾಫಿ ಬೀಜ ತರಲು ಸ್ಕೂಟರಿನಲ್ಲಿ ಯೊಕೊಹಾಮಾಗೆ ಹೋಗುತ್ತಾಳೆ, ತರುತ್ತಾಳೆ. ಅಷ್ಟೇ.

ಆದರೆ ದೊಡ್ಡಪ್ಪ, ಆ ಚಿತ್ರಗಳ ಹಿಂಬದಿ ನೋಡಿದಿರಾ? ರಸ್ತೆ ಹೋಗಿ ಹೋಗಿ ಸಮುದ್ರದಲ್ಲಿ ಮುಗಿಯುತ್ತದೆ. ಯಾಕೆಂದರೆ ಸಮುದ್ರ ಏರಿದೆ. ಊರುಗಳು ಮುಳುಗಿವೆ. ಜನ ಕಡಿಮೆಯಾಗಿದ್ದಾರೆ. ಒಂದು ಕಡೆ ಸಂಜೆಯಾದಾಗ ನೀರಿನ ಕೆಳಗೆ ಬೀದಿದೀಪಗಳು ಹತ್ತಿಕೊಳ್ಳುತ್ತವೆ. ಮುಳುಗಿದ ಊರಿನ ದೀಪಗಳು. ಆಲ್ಫಾ ನಿಂತು ನೋಡುತ್ತಾಳೆ. ಇದೆಲ್ಲ ಯಾಕಾಯಿತು, ಯಾರ ತಪ್ಪು ಅಂತ 14 ಸಂಪುಟದಲ್ಲಿ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಮೊದಲ ಸಲ ಓದಿದಾಗ ನನಗೆ ಇದು ಸಿಟ್ಟು ಬರಿಸಿತ್ತು. ಪೆಟ್ರೋಲ್ ಎಲ್ಲಿಂದ ಬರುತ್ತದೆ ಅಂತಾದರೂ ಹೇಳಬೇಕಲ್ಲ!

ಆ ಕಾಲಕ್ಕೆ ಅಶಿನಾನೊ ಇಟ್ಟ ಹೆಸರು ಮಾತ್ರ ಬಹಳ ಚೆನ್ನಾಗಿದೆ. ‘ಯೂನಗಿ’ಯ ಕಾಲ. ಯೂನಗಿ ಅಂದರೆ ಸಂಜೆ ಗಾಳಿ ನಿಲ್ಲುವ ಹೊತ್ತು. ಹಗಲಿನಲ್ಲಿ ಸಮುದ್ರದಿಂದ ದಡಕ್ಕೆ ಗಾಳಿ ಬೀಸುತ್ತದೆ, ರಾತ್ರಿ ದಡದಿಂದ ಸಮುದ್ರಕ್ಕೆ. ದಿಕ್ಕು ಬದಲಾಗುವ ಮಧ್ಯೆ ಸ್ವಲ್ಪ ಹೊತ್ತು ಎಲೆ ಅಲುಗುವುದಿಲ್ಲ. ಕುಮಟಾದ ಚಿಕ್ಕಮ್ಮನಿಗೆ ಇದು ಹೇಳಬೇಕಾಗಿಯೇ ಇಲ್ಲ. ಮನುಷ್ಯರ ಗದ್ದಲ ಮುಗಿದಿದೆ, ಕತ್ತಲೆ ಇನ್ನೂ ಆಗಿಲ್ಲ. ಇಡೀ ಪುಸ್ತಕ ಆ ಹೊತ್ತಿನಲ್ಲೇ ಇದೆ.

ಈಗ ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ಹುಟ್ಟಿದ ಮನೆ ಶರಾವತಿ ಹಿನ್ನೀರಿನ ಕೆಳಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಮಡೆನೂರು ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದಲ್ಲ, ಅದನ್ನು ತೋರಿಸಲು ನಮ್ಮನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಹೋಗಿದ್ದಿರಿ. ಅವತ್ತು ನೀವು ನಮಗೆ ಏನು ಕಥೆ ಹೇಳಿದಿರಿ? ನೀರು ಬಂದ ದಿನದ ಮಾತು ಒಂದೂ ಹೇಳಲಿಲ್ಲ. ಬಾವಿಕಟ್ಟೆಯ ಹತ್ತಿರ ಇದ್ದ ಹಲಸಿನ ಮರದ ಮಾತು ಹೇಳಿದಿರಿ. ಅದರ ಬಕ್ಕೆ ಹಣ್ಣಿಗೆ ಎರಡು ಮನೆಯವರು ಮಾತು ಬಿಟ್ಟಿದ್ದು. ನಿಮ್ಮಜ್ಜ ಅಡಿಕೆ ಸುಲಿಯುತ್ತಾ ನಿದ್ದೆ ಹೋಗುತ್ತಿದ್ದರು, ಕೈ ಮಾತ್ರ ನಿಲ್ಲುತ್ತಿರಲಿಲ್ಲ ಅಂತ. ಅದರಲ್ಲೂ "ಏನೂ ಆಗುವುದಿಲ್ಲ", ದೊಡ್ಡಪ್ಪ. ಆದರೂ ಕತ್ತಲಾಗುವವರೆಗೆ ನಾವು ಯಾರೂ ಎದ್ದಿರಲಿಲ್ಲ. ಅಶಿನಾನೊ ಅವರೂ ಹೀಗೇ ಹೇಳುತ್ತಾರೆ. ನೀವು ಮುಗಿದ ಕಾಲದ ಕಥೆಯನ್ನು ಹಾಗೆ ಹೇಳಿದಿರಿ, ಅವರು ಬರಲಿರುವ ಕಾಲದ ಕಥೆಯನ್ನು ಹಾಗೆ ಹೇಳಿದ್ದಾರೆ.

ಮೆತ್ತಗಿನ ಕಥೆ ಅಂದರೆ ಕಷ್ಟವೇ ಇಲ್ಲ ಅಂತಲ್ಲ. ಒಂದು ಸಲ ಚಂಡಮಾರುತ ಬಂದು ಅಂಗಡಿಯೇ ಮುರಿದು ಬೀಳುತ್ತದೆ. ಆಲ್ಫಾ ಊರು ಬಿಟ್ಟು ಅಲ್ಲಿ ಇಲ್ಲಿ ತಿರುಗಿ, ವಾಪಸ್ ಬಂದು ಮತ್ತೆ ಕಟ್ಟುತ್ತಾಳೆ. ಅದಕ್ಕಿಂತ ನನಗೆ ಗಂಟಲು ಕಟ್ಟಿದ್ದು ತಕಾಹಿರೊ ಅನ್ನುವ ಹುಡುಗನ ವಿಷಯದಲ್ಲಿ. ಶುರುವಿನಲ್ಲಿ ಅವನು ಅವಳ ಸೊಂಟದ ಎತ್ತರಕ್ಕೆ ಇರುತ್ತಾನೆ. ನೋಡುನೋಡುತ್ತಾ ಅವಳಿಗಿಂತ ಎತ್ತರ ಆಗುತ್ತಾನೆ, ಕೆಲಸಕ್ಕಾಗಿ ಊರು ಬಿಡುತ್ತಾನೆ. ಅವಳಿಗೆ ವಯಸ್ಸಾಗುವುದಿಲ್ಲ. ಅವಳು ಅಂಗಡಿಯಲ್ಲೇ ಇರುತ್ತಾಳೆ. ಇದನ್ನು ಯಾರೂ ಅತ್ತು ಹೇಳುವುದಿಲ್ಲ. ಸುಮ್ನೆ ಒಂದು ಪುಟದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತಿದ್ದಾಗ ನಮಗೆ ಎತ್ತರದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಅಕ್ಕ, ನಿನ್ನ ಮಗ ಹಾಸ್ಟೆಲಿಗೆ ಹೋದಾಗ ನೀನು ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆ ನೋಡುತ್ತಾ ನಿಂತಿದ್ದೆಯಲ್ಲ. ನಿದ್ದೆ ಮಾತ್ರೆಯಂತೆ!

ಅಂದಹಾಗೆ ಅಕ್ಕ ಹೇಳಿದ್ದಕ್ಕೆ ಜಪಾನಿನಲ್ಲಿ ಹೆಸರೇ ಇದೆ. ‘ಇಯಾಶಿಕೇ’ ಅನ್ನುತ್ತಾರೆ, ಮನಸ್ಸಿನ ಗಾಯ ಮಾಯಿಸುವ ಬಗೆಯದು ಅಂತ. 1995ರ ಜನವರಿಯಲ್ಲಿ ಕೋಬೆ ಭೂಕಂಪ ಆಯಿತು, 6,400ಕ್ಕೂ ಹೆಚ್ಚು ಜನ ಸತ್ತರು. ಎರಡೇ ತಿಂಗಳಿಗೆ ಟೋಕಿಯೊ ಸುರಂಗ ರೈಲಿನಲ್ಲಿ ವಿಷಾನಿಲದ ದಾಳಿ. ಅದಕ್ಕೂ ಮೊದಲೇ ಅವರ ಆರ್ಥಿಕತೆ ಕುಸಿದಿತ್ತು. ಆಮೇಲಿನ ವರ್ಷಗಳಲ್ಲಿ ಸಂಗೀತಕ್ಕೆ, ಕಾರ್ಟೂನಿಗೆ, ಸಾಕುನಾಯಿಗೆ ಎಲ್ಲಕ್ಕೂ ‘ಇಯಾಶಿ’ ಅನ್ನುವ ಮಾತು ಅಂಟಿಕೊಂಡಿತು. ನನಗೆ ಈ ಹಣೆಪಟ್ಟಿ ಅಷ್ಟು ಇಷ್ಟ ಇಲ್ಲ. ಆಲ್ಫಾಳ ಕಥೆ ಭೂಕಂಪಕ್ಕಿಂತ ಮೊದಲೇ, 1994ರಲ್ಲೇ ಶುರುವಾಗಿತ್ತು. ಮುಲಾಮು ಅಂದುಬಿಟ್ಟರೆ ಪುಸ್ತಕ ಹೇಳುವ ಮಾತು ಕೇಳಿಸುವುದೇ ಇಲ್ಲ.

ಪುಟ್ಟಿಗೆ ಮುಂದೆ ಕೊಡಬೇಕು ಅಂದುಕೊಂಡಿರುವುದು ‘ಆರಿಯಾ’. ಕೊಜುಎ ಅಮಾನೊ ಅವರದು. 2001ರಲ್ಲಿ ‘ಆಕ್ವಾ’ ಅಂತ ಶುರುವಾಗಿ, ಆಮೇಲೆ ಹೆಸರು ಬದಲಾಗಿ 2008ರವರೆಗೆ ನಡೆಯಿತು. ಇಲ್ಲಿ ಮಂಗಳ ಗ್ರಹದಲ್ಲಿ ಜನ ವಾಸ ಮಾಡುತ್ತಾರೆ. ವಾಸಕ್ಕೆ ಸರಿಮಾಡುವಾಗ ಹಿಮ ಲೆಕ್ಕಕ್ಕಿಂತ ಜಾಸ್ತಿ ಕರಗಿ, ಗ್ರಹದ ಹೆಚ್ಚುಪಾಲು ನೀರಾಗಿಬಿಟ್ಟಿದೆ. ಅಲ್ಲಿ ವೆನಿಸ್ ತರಹದ ಒಂದು ಊರು ಕಟ್ಟಿಕೊಂಡು, ದೋಣಿ ನಡೆಸಿ ಪ್ರವಾಸಿಗರಿಗೆ ಊರು ತೋರಿಸುವ ಹುಡುಗಿಯರ ಕಥೆ. ಹೊಸಬಳಿಗೆ ಎರಡೂ ಕೈಗೆ ಗವಸು. ಹುಟ್ಟು ಹಾಕುವುದು ಪಳಗಿದಾಗ ಒಂದು ಗವಸು ಹೋಗುತ್ತದೆ. ಪೂರ್ತಿ ಕಲಿತವಳ ಕೈಯಲ್ಲಿ ಗವಸೇ ಇಲ್ಲ. ನಮ್ಮ ಕಡೆ ಯಾರಾದರೂ ಹೆಚ್ಚು ಕಲಿತರೆ ಹೆಗಲಿಗೆ ಶಾಲು ಏರುತ್ತದೆ, ಇಲ್ಲಿ ಒಂದೊಂದೇ ಇಳಿಯುತ್ತದೆ. ಮಂಗಳದ ವರ್ಷ ನಮ್ಮ 687 ದಿನ. ಹಾಗಾಗಿ ಅಲ್ಲಿ ವರ್ಷಕ್ಕೆ 24 ತಿಂಗಳು, ನಾಲ್ಕು ಋತುಗಳಲ್ಲಿ ಒಂದೊಂದೂ ಆರು ತಿಂಗಳು. ಆರು ತಿಂಗಳ ಮಳೆಗಾಲ ಅಂದರೆ ನಮ್ಮ ಆಗುಂಬೆಯವರು ನಗುತ್ತಾರೆ, ಬಿಡಿ.

ನಿಜ ಹೇಳಬೇಕಂದರೆ ‘ಆರಿಯಾ’ ನನಗೆ ಕೆಲವು ಕಡೆ ಸಕ್ಕರೆ ಜಾಸ್ತಿಯಾದ ಪಾಯಸ. ಪ್ರತಿ ಅಧ್ಯಾಯದ ಕೊನೆಗೆ ಯಾರಾದರೊಬ್ಬರು ಚೆಂದದ ಮಾತು ಆಡಲೇಬೇಕು. ನಾನು ಆ ಪುಟ ಬೇಗ ತಿರುಗಿಸಿಬಿಡುತ್ತೇನೆ. ಆದರೆ ಅದರಲ್ಲಿ ಒಂದು ವಿಷಯ ತಲೆಯಲ್ಲಿ ಕೂತಿದೆ. ಮಂಗಳ ತಣ್ಣಗಿನ ಗ್ರಹ ಅಲ್ವಾ, ಅದನ್ನು ಬೆಚ್ಚಗಿಡಲು ತೇಲುವ ದ್ವೀಪಗಳ ಮೇಲೆ ಕೆಲಸಗಾರರು ಇದ್ದಾರೆ. ಇಡೀ ಗ್ರಹಕ್ಕೆ ಬಚ್ಚಲೊಲೆ ಕಾಯುವವರು ಅನ್ನಿ. ನೆಲದ ಕೆಳಗೆ ಇನ್ನೊಂದು ಗುಂಪು ಗುರುತ್ವ ಸರಿಯಾಗಿರುವಂತೆ ನೋಡಿಕೊಳ್ಳುತ್ತದೆ. ಮಂಗಳಕ್ಕೆ ಮೊದಲು ಕಾಲಿಟ್ಟವರ ಕಥೆ ಬೇಕಾದಷ್ಟಿದೆ. ಅಲ್ಲಿ ದಿನಾ ಒಲೆಗೆ ಕಟ್ಟಿಗೆ ಹಾಕುವವರ ಕಥೆ ಯಾರು ಬರೆಯುತ್ತಾರೆ?

ಭಾವ, ಈಗ ನಿಮ್ಮ ಸರದಿ. ನಿಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಸೆಕ್ರೆಟರಿ ಆಗಿ ಮೂರು ವರ್ಷದಿಂದ ಬೈಸಿಕೊಳ್ಳುತ್ತಿದ್ದೀರಿ. ನಿಮಗೆಂದೇ ಬರೆದ ಹಾಗೆ ಒಂದು ಪುಸ್ತಕ ಇದೆ. ಹಿಸಾಎ ಇವಾಓಕಾ ಅವರ ‘ದೊಸೇ ಮಾನ್ಶೋನ್’, ಶನಿಗ್ರಹದ ಅಪಾರ್ಟ್‌ಮೆಂಟ್ ಅಂತ. ಭೂಮಿಯನ್ನು ಪೂರ್ತಿ ರಕ್ಷಿತಾರಣ್ಯ ಮಾಡಿಬಿಟ್ಟಿದ್ದಾರೆ, ಯಾರೂ ಇಳಿಯುವಂತಿಲ್ಲ. ಜನರೆಲ್ಲ 35 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಸುತ್ತ ಶನಿಯ ಬಳೆಯಂತೆ ಕಟ್ಟಿದ ಒಂದು ಮಹಾ ಕಟ್ಟಡದಲ್ಲಿದ್ದಾರೆ. ಮೇಲಿನ ಅಂತಸ್ತಿನಲ್ಲಿ ದುಡ್ಡಿದ್ದವರು, ಕೆಳಗೆ ಇಲ್ಲದವರು. ಮಿತ್ಸು ಅನ್ನುವ ಹುಡುಗ ಶಾಲೆ ಮುಗಿಸಿದ ಕೂಡಲೇ ಹೊರಗಿನಿಂದ ಹಗ್ಗಕ್ಕೆ ನೇತಾಡಿಕೊಂಡು ಕಿಟಕಿ ಗಾಜು ತೊಳೆಯುವ ಕೆಲಸಕ್ಕೆ ಸೇರುತ್ತಾನೆ. ಅವನ ಅಪ್ಪ ಅದೇ ಕೆಲಸ ಮಾಡುವಾಗ ಹಗ್ಗ ಕಡಿದು ಬಿದ್ದವರು. ಕಿಟಕಿ ತೊಳೆಸುವುದು ದುಬಾರಿ, ಕೆಳಗಿನವರಿಗೆ ಕೈಗೆಟುಕದು. ಗಾಜಿನ ಆಚೆಗಿನ ಮನೆಗಳಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ, ಇವನು ಹೊರಗೆ ನೇತಾಡುತ್ತಾ ನೋಡುತ್ತಾನೆ. ಮೇಲು ಕೀಳು ಹೋಗಿಲ್ಲ, ಸಂಬಳದ ಚಿಂತೆ ಹೋಗಿಲ್ಲ. ಏಳೇ ಸಂಪುಟ. ಈ ಮೂರರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ, ಆಲ್ಫಾ ಕ್ಷಮಿಸಲಿ.

ಪುಟ್ಟಿಗೆ ಯಾಕೆ ಕೊಟ್ಟೆ ಅಂತ ಈಗ ಹೇಳುತ್ತೇನೆ. ಅವಳು ಓದುತ್ತಾಳೋ ಇಲ್ಲವೋ ನೋಡೋಣ ಅಂತ ಸುಮ್ಮನಿದ್ದೆ. ದಸರಾ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ಒಂದು ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಹವಾಮಾನದ ಪಾಠ ಆಗಿತ್ತು. ಯಾವುದೋ ವಿಡಿಯೋದಲ್ಲಿ ಊರುಗಳು ಮುಳುಗುವುದನ್ನು ನೋಡಿದ್ದಳು. "ಚಿಕ್ಕಿ, ನಾನು ದೊಡ್ಡವಳಾಗುವ ಹೊತ್ತಿಗೆ ಏನಾದರೂ ಇರುತ್ತದಾ?" ಅಂತ ಕೇಳಿದಳು. ಹನ್ನೆರಡು ವರ್ಷದ ಹುಡುಗಿ. ಏನೂ ಆಗಲ್ಲ ಮಲಗು ಅಂದರೆ ಸುಳ್ಳು. ಅವಳಿಗೂ ಅದು ಗೊತ್ತು. ನಾನು ಏನೋ ತೊದಲಿದೆ. ಅವಳು ನನಗೆ ಬೇಜಾರಾಗಬಾರದು ಅಂತ ನಿದ್ದೆ ಬಂದ ಹಾಗೆ ನಟಿಸಿದಳು. ಅದು ಇನ್ನೂ ಕಷ್ಟ ಆಯಿತು.

ಮಾರನೇ ದಿನ ಕಪಾಟಿನಿಂದ ಆ ಪುಸ್ತಕ ತೆಗೆದು ಕೊಟ್ಟೆ. ನೀರು ಏರಿದ ಮೇಲೂ ಯಾರೋ ಕಾಫಿ ಬೀಜ ಹುರಿಯುತ್ತಾರೆ, ಮುದುಕರೊಬ್ಬರು ಬೆಳೆದ ಕಲ್ಲಂಗಡಿ ತಂದುಕೊಟ್ಟು ಹೋಗುತ್ತಾರೆ, ಹುಡುಗ ಹುಡುಗಿ ಜಗಳ ಆಡುತ್ತಾರೆ ಅಂತ ಅವಳೇ ನೋಡಿಕೊಳ್ಳಲಿ ಅಂತ. ಎರಡು ದಿನ ಬಿಟ್ಟು ಅವಳು ಕೇಳಿದ್ದು ಬೇರೆಯೇ. "ಚಿಕ್ಕಿ, ಆ ಅಂಗಡಿಯ ಟ್ಯಾಂಕಿಗೆ ನೀರು ಯಾರು ಬಿಡುತ್ತಾರೆ?" ಪುಸ್ತಕದಲ್ಲಿ ಅದು ಎಲ್ಲೂ ಇಲ್ಲ. ಆಮೇಲೆ ಅವಳೇ ಒಂದು ಹಾಳೆಯಲ್ಲಿ ಅಂಗಡಿ ಬಿಡಿಸಿ, ಹಿಂದೆ ಗುಡ್ಡ ಹಾಕಿ, ಗುಡ್ಡದಿಂದ ದಬ್ಬೆ ನೀರು ತಂದಿದ್ದಾಳೆ, ದೊಡ್ಡಪ್ಪ. ಅಡಿಕೆ ಮರ ಸೀಳಿ ಮಾಡಿದ ದಬ್ಬೆ! ನಿಮ್ಮ ತೋಟದಲ್ಲಿ ನೋಡಿದ್ದು. ಆ ಹಾಳೆ ನನ್ನ ಫ್ರಿಜ್ಜಿನ ಮೇಲಿದೆ. ಫೋಟೋ ಇದರ ಕೆಳಗೇ ಹಾಕುತ್ತೇನೆ.

ಇನ್ನು ಪುಸ್ತಕ ನಿಮ್ಮ ಹತ್ತಿರವೇ ಇರಲಿ, ಪುಟ್ಟಿ ಒಪ್ಪಿದ್ದಾಳೆ. ಈ ಸಲ ಬಲಗಡೆಯಿಂದ ಶುರು ಮಾಡಿ. ಪುಟದ ಮೂಲೆ ಮಡಿಸಬೇಡಿ ಅಂತ ಅವಳ ಕಡೆಯಿಂದ ಖಡಕ್ ಸೂಚನೆ. ನಾನು ಮುಂದಿನ ಶನಿವಾರ ಬರುತ್ತೇನೆ, ಎರಡನೇ ಪುಸ್ತಕ ತರುತ್ತೇನೆ. ಕಾಫಿಪುಡಿ ಅರ್ಧ ಕೆ.ಜಿ. ಸಾಕೋ, ಒಂದು ಬೇಕೋ ಹೇಳಿ. ಹೋದ ಸಲ ಚಿಕೋರಿ ಜಾಸ್ತಿಯಾಯಿತು ಅಂತ ದೊಡ್ಡಮ್ಮ ಅಂದಿದ್ದರು. ಈ ಸಲ ಎಷ್ಟು ಹಾಕಿಸಲಿ ಅಂತ ಅವರನ್ನೇ ಕೇಳಿ ತಿಳಿಸಿ.