ಏರ್ ಫ್ರೈಯರ್‌ನಲ್ಲಿ ಟರ್ಕಿ ಬರ್ಗರ್: ಒಣಗದ ಹಾಗೆ ಮಾಡ್ಲಿಕ್ಕೆ ಏನು ಮಾಡಬೇಕು?

ಪ್ರಶ್ನೆ, ಬಿಜೈಯಿಂದ:
ಕ್ರಿಸ್‌ಮಸ್‌ಗೆಂದು ತಂದ ಟರ್ಕಿ ಕೋಳಿಯ ಎದೆಮಾಂಸ 1 ಕಿಲೋದಷ್ಟು ಫ್ರೀಜರಿನಲ್ಲಿತ್ತು. ಅದರಲ್ಲಿ ಅರ್ಧ ಕಿಲೋ ಖೀಮಾ ಮಾಡಿ, ಹಸಿ ಈರುಳ್ಳಿ, ಹಸಿಮೆಣಸು, ಉಪ್ಪು, ಒಂದು ಮೊಟ್ಟೆ ಹಾಕಿ ಚೆನ್ನಾಗಿ ನಾದಿ ಪ್ಯಾಟಿ ತಟ್ಟಿದೆ. 200 ಡಿಗ್ರಿಯಲ್ಲಿ 18 ನಿಮಿಷ ಇಟ್ಟದ್ದು. ಹೊರಗೆ ತೊಗಲಿನ ಹಾಗೆ, ಒಳಗೆ ಮರದ ಹೊಟ್ಟು. ಬುಟ್ಟಿ ಇರುವ 4 ಲೀಟರಿನ ಮೆಷಿನ್. ಉಳಿದ ಅರ್ಧ ಕಿಲೋ ಸರಿಯಾಗಬೇಕು. ಗೊತ್ತಿದ್ದವರು ಅಳತೆ ಸಮೇತ ಹೇಳಿ.

ಕದ್ರಿಯಿಂದ:
ಮೊದಲ ತಪ್ಪು ಮಾಂಸದಲ್ಲೇ ಉಂಟು, ಮೆಷಿನ್‌ದಲ್ಲ. ಚರ್ಮ ತೆಗೆದ ಟರ್ಕಿ ಎದೆಮಾಂಸದಲ್ಲಿ ನೂರು ಗ್ರಾಮಿಗೆ ಕೊಬ್ಬು 2 ಗ್ರಾಂ ಕೂಡ ಇರುವುದಿಲ್ಲ. ಅದನ್ನು ಹಾಗೆಯೇ ಅರೆದು ಬಿಸಿಗಾಳಿಗೆ ಒಡ್ಡಿದರೆ ಒಣಗದೆ ಬೇರೆ ದಾರಿಯೇ ಇಲ್ಲ. ಮುಂದಿನ ಸಲ ತೊಡೆಮಾಂಸ ಸಿಕ್ಕಿದರೆ ಎದೆ ಅರ್ಧ, ತೊಡೆ ಅರ್ಧ ಮಾಡಿ. ಈಗ ಎದೆ ಮಾತ್ರ ಇರುವುದರಿಂದ ಹೊರಗಿನಿಂದ ಕೊಬ್ಬು ಸೇರಿಸಬೇಕು.

500 ಗ್ರಾಂ ಖೀಮಾಕ್ಕೆ 60 ಗ್ರಾಂ ಕೋಳಿ ಚರ್ಮ, 30 ಗ್ರಾಂ ಬೆಣ್ಣೆ. ಕೋಳಿ ಅಂಗಡಿಯಲ್ಲಿ ಕೇಳಿದರೆ ಚರ್ಮ ಬೇರೆ ಕಟ್ಟಿಕೊಡುತ್ತಾರೆ. ಚರ್ಮವನ್ನು ಮಾಂಸದ ಜೊತೆಯಲ್ಲೇ ಅರೆಯಬೇಕು. ಬೆಣ್ಣೆಯನ್ನು ಮಾತ್ರ ಫ್ರೀಜರಿನಲ್ಲಿ ಕಲ್ಲಿನ ಹಾಗೆ ಗಟ್ಟಿ ಮಾಡಿ, ಕೊನೆಗೆ ತುರಿದು ಹಾಕಿ. ಕರಗಿಸಿ ಹಾಕಿದರೆ ಬೆಣ್ಣೆ ಮಾಂಸಕ್ಕೆ ಮೆತ್ತಿಕೊಂಡು, ಬಿಸಿ ತಗಲಿದ ಕೂಡಲೇ ಕೆಳಗೆ ಸೋರಿಹೋಗುತ್ತದೆ. ತುರಿದ ಚೂರುಗಳಾದರೆ ಪ್ಯಾಟಿಯ ಒಳಗೇ ನಿಧಾನವಾಗಿ ಕರಗುತ್ತವೆ.

ಬೆಣ್ಣೆ ಬೇಡವೆಂದರೆ ತೆಂಗಿನೆಣ್ಣೆಯೂ ಆಗುತ್ತದೆ. ಸುಮಾರು 24 ಡಿಗ್ರಿಯ ಕೆಳಗೆ ಅದು ಗಟ್ಟಿಯಾಗುವುದರಿಂದ ಒಂದು ಬಟ್ಟಲಿನಲ್ಲಿ ಫ್ರಿಜ್‌ನಲ್ಲಿಟ್ಟರೆ ಸಾಕು, ಕೆರೆದು ತೆಗೆಯಬಹುದು. ಮಂಗಳೂರಿನ ಸೆಕೆಗೆ ಹೊರಗೆ ತಂದ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಬೆರೆಸುವ ಪಾತ್ರೆಯನ್ನೂ ತಣ್ಣಗೆ ಮಾಡಿಟ್ಟುಕೊಳ್ಳಿ. 25 ಗ್ರಾಂ ಸಾಕು.

ಕುಂಜಿಬೆಟ್ಟಿನಿಂದ:
ಕದ್ರಿಯವರು ಹೇಳಿದ್ದು ಸರಿ, ಆದರೆ ಕೊಬ್ಬು ಒಂದೇ ಸಾಲದು, ನೀರನ್ನು ಹಿಡಿದಿಡುವಂಥದ್ದೂ ಬೇಕು. ಬೇಕರಿ ಬ್ರೆಡ್ಡಿನ ಒಂದು ಹೋಳಿನ ಅಂಚು ತೆಗೆದು, 3 ಟೇಬಲ್ ಚಮಚ ಹಾಲಿನಲ್ಲಿ ನೆನೆಸಿ, ಬೆರಳಿನಲ್ಲಿ ಹಿಚುಕಿ ಪೇಸ್ಟ್ ಮಾಡಿ ಖೀಮಾಕ್ಕೆ ಹಾಕಿ. ಮಾಂಸ ಬೇಯುವಾಗ ಅದರ ಪ್ರೋಟೀನ್ ಬಿಗಿದುಕೊಂಡು ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಆ ನೀರು ಪ್ಯಾಟಿಯಿಂದ ಹೊರಗೆ ಹೋಗದ ಹಾಗೆ ಬ್ರೆಡ್ಡಿನ ಪಿಷ್ಟ ಹೀರಿ ಇಟ್ಟುಕೊಳ್ಳುತ್ತದೆ. ಬ್ರೆಡ್ ಇಲ್ಲದಿದ್ದರೆ ತೆಳು ಅವಲಕ್ಕಿ 2 ಟೇಬಲ್ ಚಮಚ ಪುಡಿ ಮಾಡಿ ಅಷ್ಟೇ ಹಾಲಿನಲ್ಲಿ ನೆನೆಸಿ. ರಸ್ಕ್ ಪುಡಿಯನ್ನು ಒಣದಾಗಿ ಹಾಕಬೇಡಿ, ಇದ್ದ ನೀರನ್ನೂ ಅದೇ ಕುಡಿದುಬಿಡುತ್ತದೆ.

ಈರುಳ್ಳಿ ಹಸಿಯಾಗಿ ಹಾಕಿದ್ದು ಎರಡನೇ ತಪ್ಪು. ಹಸಿ ಈರುಳ್ಳಿ ಉಪ್ಪಿನ ಜೊತೆ ನೀರು ಬಿಟ್ಟು ಪ್ಯಾಟಿ ಒಡೆಯುತ್ತದೆ, ಒಳಗೆ ಬೇಯುವುದೂ ಇಲ್ಲ. ಒಂದು ಮಧ್ಯಮ ಈರುಳ್ಳಿ ಸಣ್ಣಗೆ ಕೊಚ್ಚಿ, 1 ಚಮಚ ತುಪ್ಪದಲ್ಲಿ ಕೆಂಪಾಗುವ ಮುಂಚಿನ ಹದಕ್ಕೆ ಬಾಡಿಸಿ, ಪೂರ್ತಿ ತಣಿದ ಮೇಲೆ ಸೇರಿಸಿ. ಬಿಸಿ ಈರುಳ್ಳಿ ಹಾಕಿದರೆ ತುರಿದ ಬೆಣ್ಣೆಯೆಲ್ಲ ಅಲ್ಲೇ ಕರಗಿತು.

ಮೊಟ್ಟೆ ಬಿಡಿ. ಬಿಳಿಭಾಗ ಬೆಂದಾಗ ರಬ್ಬರಿನ ಹಾಗೆ ಬಿಗಿಯುತ್ತದೆ. ಹಿಡಿತ ಬೇಕೆನಿಸಿದರೆ ಹಳದಿ ಮಾತ್ರ ಸಾಕು.

ಮಲ್ಪೆಯಿಂದ:
ಖೀಮಾ ಮನೆಯ ಮಿಕ್ಸಿಯಲ್ಲಿ ಮಾಡಿದ್ದೋ? ಹಾಗಾದರೆ ಅರ್ಧ ಸಮಸ್ಯೆ ಅಲ್ಲಿಯೇ. ಮಿಕ್ಸಿ ಬಿಸಿಯಾಗಿ ಮಾಂಸ ಪೇಸ್ಟ್ ಆಗುತ್ತದೆ, ಪೇಸ್ಟ್ ಆದದ್ದು ಬೆಂದರೆ ಗಟ್ಟಿ ಮುದ್ದೆ. ಮಾಂಸವನ್ನು ಒಂದು ಇಂಚಿನ ತುಂಡು ಮಾಡಿ ತಟ್ಟೆಯಲ್ಲಿ ಹರಡಿ 30-40 ನಿಮಿಷ ಫ್ರೀಜರಿನಲ್ಲಿಡಿ. ಅಂಚು ಗಟ್ಟಿ, ನಡು ಒತ್ತಿದರೆ ಬಗ್ಗಬೇಕು, ಅದು ಹದ. ಒಂದು ಸಲಕ್ಕೆ 150 ಗ್ರಾಂ ಮಾತ್ರ ಹಾಕಿ, ಒಂದೊಂದು ಸೆಕೆಂಡಿನ ಹಾಗೆ ಆರೇಳು ಸಲ ತಿರುಗಿಸಿ ನಿಲ್ಲಿಸಿ. ದಪ್ಪ ರವೆಯಷ್ಟು ಸಣ್ಣ ಮಾಡ್ಲಿಕ್ಕೆ ಹೋಗಬೇಡಿ, ಸಾಬುದಾನಿ ಕಾಳಿನಷ್ಟು ಇರಲಿ.

ಇನ್ನೊಂದು, ಅಂಗಡಿಯಲ್ಲಿ ತೊಳೆದು ಕೊಟ್ಟ ಮಾಂಸದಲ್ಲಿ ನೀರು ನಿಂತಿರುತ್ತದೆ. ಬೇಯುವ ಮೊದಲ ನಿಮಿಷಗಳಲ್ಲಿ ಅದು ಹಬೆಯಾಗಿ ಹೋಗುತ್ತದೆ, ಮೇಲ್ಮೈ ಕೆಂಪಾಗುವುದಿಲ್ಲ, ಆಗ ನಾವು ಸಮಯ ಜಾಸ್ತಿ ಮಾಡಿ ಒಳಗನ್ನು ಒಣಗಿಸುತ್ತೇವೆ. ಅರೆಯುವ ಮುಂಚೆ ಸ್ವಚ್ಛ ಬಟ್ಟೆಯಲ್ಲಿ ಒತ್ತಿ ಒರೆಸಿ. ಅರೆದ ಖೀಮಾವನ್ನಂತೂ ತೊಳೆಯಲೇಬಾರದು.

ಫ್ರೀಜರಿನ ಮಾಂಸವನ್ನು ಕಟ್ಟೆಯ ಮೇಲೆ ಇಟ್ಟು ಕರಗಿಸಬೇಡಿ, ನಮ್ಮ ಹವೆಗೆ ಅದು ಅಪಾಯ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ತಟ್ಟಿಗೆ ಇಳಿಸಿ, ಅಡಿಗೆ ಒಂದು ಪಾತ್ರೆ ಇರಲಿ.

ಮಣಿಪಾಲದಿಂದ:
200 ಡಿಗ್ರಿ, 18 ನಿಮಿಷ ಅಂದಾಗಲೇ ಉತ್ತರ ಸಿಕ್ಕಿತು ಮಾರಾಯ್ರೆ. ಏರ್ ಫ್ರೈಯರ್ ಅಂದರೆ ಚಿಕ್ಕ ಗೂಡಿನಲ್ಲಿ ಫ್ಯಾನ್ ಬಿಸಿಗಾಳಿ ಬೀಸುವ ಒಲೆ. ಬೀಸುವ ಗಾಳಿ ಒಗೆದ ಬಟ್ಟೆ ಒಣಗಿಸಿದ ಹಾಗೆ ಮಾಂಸವನ್ನೂ ಒಣಗಿಸುತ್ತದೆ. ಆದ್ದರಿಂದ ಇಲ್ಲಿ ನಿಮಿಷಗಳೇ ಮುಖ್ಯ.

ಕೋಳಿ ಜಾತಿಯ ಮಾಂಸದ ನಡುಭಾಗ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. 80 ದಾಟಿದ ಮೇಲೆ ನೀರನ್ನು ಹಿಡಿಯುವುದು ಕಷ್ಟ. ಈ ಆರು ಡಿಗ್ರಿಯ ಒಳಗೆ ನಿಮ್ಮ ಬರ್ಗರ್ ಉಂಟು. ಕಡ್ಡಿ ಚುಚ್ಚುವ ಡಿಜಿಟಲ್ ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ. ಮೇಲಿನಿಂದ ಚುಚ್ಚಿದರೆ ತುದಿ ಬುಟ್ಟಿಯ ಬಿಸಿಯನ್ನು ತೋರಿಸುತ್ತದೆ, ಪ್ಯಾಟಿಯ ಬದಿಯಿಂದ ನಡುವಿಗೆ ತಳ್ಳಿ.

ಮೇಲಿನವರು ಹೇಳಿದ ಅಳತೆ ಎಲ್ಲ ಸೇರಿದರೆ 120 ಗ್ರಾಮಿನ ಆರು ಪ್ಯಾಟಿ ಬರಬಹುದು. ತೂಗಿಯೇ ಮಾಡಿ, ಕಣ್ಣಳತೆ ಬೇಡ, ಒಂದು 100 ಇನ್ನೊಂದು 140 ಆದರೆ ಒಂದು ಒಣಗುತ್ತದೆ, ಇನ್ನೊಂದು ಹಸಿ ಉಳಿಯುತ್ತದೆ. ದಪ್ಪ 2 ಸೆಂಟಿಮೀಟರ್, ಅಗಲ ಬನ್ನಿಗಿಂತ ಒಂದು ಸೆಂಟಿಮೀಟರ್ ಹೆಚ್ಚು, ಯಾಕೆಂದರೆ ಬೆಂದಾಗ ಕುಗ್ಗುತ್ತದೆ. ನಡುವೆ ಹೆಬ್ಬೆರಳಿನಲ್ಲಿ ಅರ್ಧ ಸೆಂಟಿಮೀಟರ್ ಗುಳಿ ಮಾಡಿ, ಇಲ್ಲದಿದ್ದರೆ ಅಂಚು ಬಿಗಿದು ನಡು ಉಬ್ಬಿ ಅಂಬಡೆಯಾಗುತ್ತದೆ. ತಟ್ಟಿದ ಮೇಲೆ 20-30 ನಿಮಿಷ ಫ್ರಿಜ್‌ನಲ್ಲಿಡಿ.

ಮೆಷಿನ್ 190 ಡಿಗ್ರಿಗೆ 4 ನಿಮಿಷ ಖಾಲಿ ಕಾಯಲಿ. ಪ್ಯಾಟಿಯ ಎರಡೂ ಬದಿಗೆ ಬ್ರಶ್‌ನಲ್ಲಿ ಎಣ್ಣೆ ಸವರಿ. ಎಣ್ಣೆಯ ಪದರ ಇದ್ದರೆ ಮೇಲ್ಮೈ ಬೇಗ ಕೆಂಪಾಗುತ್ತದೆ, ಬುಟ್ಟಿಗೂ ಹಿಡಿಯುವುದಿಲ್ಲ. 4 ಲೀಟರಿನ ಬುಟ್ಟಿಯಲ್ಲಿ ಒಮ್ಮೆಗೆ ಎರಡು, ಹೆಚ್ಚೆಂದರೆ ಮೂರು, ನಡುವೆ ಒಂದು ಬೆರಳಿನ ಜಾಗ. 5 ನಿಮಿಷ, ಮಗುಚಿ, ಮತ್ತೆ 3 ನಿಮಿಷ. ಆಗ ಅಳೆದು ನೋಡಿ. ಸಾಮಾನ್ಯವಾಗಿ 9-10 ನಿಮಿಷಕ್ಕೆ 74 ಆಗುತ್ತದೆ. ಆದ ಕೂಡಲೇ ಹೊರಗೆ ತೆಗೆದು ಮೂರು ನಿಮಿಷ ಬಿಡಿ. ಮೆಷಿನ್ ಆಫ್ ಮಾಡಿ ಒಳಗೇ ಬಿಟ್ಟರೆ ಬುಟ್ಟಿಯ ಬಿಸಿಗೆ ಬೇಯುತ್ತಲೇ ಇರುತ್ತದೆ.

ಬಲ್ಮಠದಿಂದ:
ಉಪ್ಪಿನ ಬಗ್ಗೆ ಯಾರೂ ಹೇಳಿಲ್ಲ. ಉಪ್ಪು ಹಾಕಿ ನಾದಿದರೆ ಮಾಂಸದ ಪ್ರೋಟೀನ್ ಕರಗಿ ಅಂಟಾಗುತ್ತದೆ. ಸಾಸೇಜ್‌ಗೆ ಅದು ಬೇಕು, ಬರ್ಗರ್‌ಗೆ ಬೇಡ. ಹಾಗಾಗಿ ಖೀಮಾಕ್ಕೆ ಉಪ್ಪು ಹಾಕಲೇಬಾರದು, ಬುಟ್ಟಿಗೆ ಇಡುವ ಮುಂಚೆ ಎರಡೂ ಬದಿಗೆ ಉದುರಿಸಿದರೆ ಸಾಕು.

ಮಣಿಪಾಲದಿಂದ:
ದನದ ಮಾಂಸದ ಬರ್ಗರ್‌ಗೆ ನಿಮ್ಮ ಮಾತು ಪೂರ್ತಿ ಸರಿ. ಟರ್ಕಿ ಎದೆಗೆ ಅಲ್ಲ. ಇಲ್ಲಿ ಸ್ವಲ್ಪ ಪ್ರೋಟೀನ್ ಕರಗಿದರೇ ನೀರು ನಿಲ್ಲುತ್ತದೆ, ಇಲ್ಲದಿದ್ದರೆ ಪುಡಿಪುಡಿ. 500 ಗ್ರಾಮಿಗೆ 5 ಗ್ರಾಂ, ಅಂದರೆ ಮಟ್ಟಸ 1 ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಪುಡಿ ಉಪ್ಪು. ಬೆಣ್ಣೆ ಉಪ್ಪಿನದ್ದಾದರೆ ಇನ್ನೊಂದು ಚಿಟಿಕೆ ಕಡಿಮೆ. ಉಪ್ಪು ಬಿಟ್ಟು ಉಳಿದದ್ದನ್ನೆಲ್ಲ ಮೊದಲು ಬೆರೆಸಿ, ಕೊನೆಗೆ ಉಪ್ಪು ಉದುರಿಸಿ, ಬೆರಳು ಅಗಲಿಸಿ ಅರ್ಧ ನಿಮಿಷ ಮಾತ್ರ ಕಲಸಿ. ಕಲ್ಲುಪ್ಪು ಬೇಡ, ಅಷ್ಟರಲ್ಲಿ ಕರಗುವುದಿಲ್ಲ. ಚಪಾತಿ ಹಿಟ್ಟಿನ ಹಾಗೆ ನಾದಬಾರದು ಎನ್ನುವುದು ಮಾತ್ರ ಇಬ್ಬರಿಗೂ ಒಪ್ಪಿಗೆ.

ಪ್ರಶ್ನೆ, ಬಿಜೈಯಿಂದ:
ಎಲ್ಲರಿಗೂ ಉಪಕಾರ. ಎರಡು ಸಂಶಯ. ಥರ್ಮಾಮೀಟರ್ ಬರುವವರೆಗೆ ಏನು ಮಾಡುವುದು? ಮತ್ತೆ, ಸಪ್ಪೆ ಆಗಬಾರದೆಂದು ಘೀ ರೋಸ್ಟ್ ಮಸಾಲೆ ಕಲಸಿದರೆ ಆಗಬಹುದಾ?

ಕುಂದಾಪುರದಿಂದ:
ಘೀ ರೋಸ್ಟ್ ಮಸಾಲೆಯನ್ನು ಖೀಮಾಕ್ಕೆ ಕಲಸಬೇಡಿ. ಅದರಲ್ಲಿ ಹುಣಸೆಹುಳಿ ಉಂಟು, ಕೆಲವರು ಮೊಸರೂ ಹಾಕುತ್ತಾರೆ. ಹುಳಿ ತಾಗಿದ ಖೀಮಾ ನೀರು ಬಿಟ್ಟು ಉದುರುದುರಾಗುತ್ತದೆ. ನಿಂಬೆ, ವಿನೆಗರ್‌ಗೂ ಇದೇ ಮಾತು. ಮೆತ್ತಗಾಗಲಿ ಎಂದು ಪಪ್ಪಾಯಿ ಕಾಯಿ ಹಾಕುವವರು ಇದ್ದಾರೆ, ಅರೆದ ಮಾಂಸಕ್ಕೆ ಅದು ಬೇಡವೇ ಬೇಡ, ಅಂಬಲಿಯಾಗುತ್ತದೆ.

ಒಳಗೆ ಒಣ ಪುಡಿ ಹಾಕಿ: ಬಫಾತ್ ಪುಡಿ (ಮಂಗಳೂರು ಕಡೆಯ ಖಾರದ ಮಸಾಲೆ ಪುಡಿ) ಒಂದೂವರೆ ಟೀ ಚಮಚ, ಅಥವಾ ಹುರಿದ ಕೊತ್ತಂಬರಿ ಪುಡಿ 1 ಚಮಚ, ಕಾಳುಮೆಣಸು ಅರ್ಧ ಚಮಚ, ಜೀರಿಗೆ ಕಾಲು ಚಮಚ. ಘೀ ರೋಸ್ಟ್ ಮಸಾಲೆಯನ್ನು ತುಪ್ಪದಲ್ಲಿ ಬೇರೆ ಹುರಿದು ದಪ್ಪಗೆ ಮಾಡಿಟ್ಟು, ಪ್ಯಾಟಿಗೆ ಕೊನೆಯ ಒಂದು ನಿಮಿಷದಲ್ಲಿ ಮೇಲಿನಿಂದ ಸವರಿ. ಮೊದಲೇ ಸವರಿದರೆ ಬೆಲ್ಲವೂ ಬ್ಯಾಡಗಿ ಮೆಣಸೂ 190 ಡಿಗ್ರಿಯ ಗಾಳಿಗೆ ಕರಟಿ ಕಹಿಯಾಗುತ್ತವೆ.

ಮಣಿಪಾಲದಿಂದ:
ಥರ್ಮಾಮೀಟರ್ ಇಲ್ಲದಾಗ ಬಣ್ಣ ನಂಬಬೇಡಿ. ಟರ್ಕಿ ಮಾಂಸ ಪೂರ್ತಿ ಬೆಂದಿದ್ದರೂ ಕೆಲವೊಮ್ಮೆ ಗುಲಾಬಿ ಬಣ್ಣದಲ್ಲೇ ಇರುತ್ತದೆ, ಬೇಯದಿದ್ದರೂ ಕೆಲವೊಮ್ಮೆ ಬಿಳಿ ಕಾಣುತ್ತದೆ. ಅದಕ್ಕೆ ಸುರಕ್ಷೆಯ ಕಡೆಗೇ ವಾಲಿ: 190ರಲ್ಲಿ 12 ನಿಮಿಷ ಇಡಿ, ಒಂದನ್ನು ನಡುವೆ ಕತ್ತರಿಸಿ, ಲೋಳೆಯಂತೆ ಹೊಳೆಯುವ ಭಾಗ ಕಂಡರೆ ಎಲ್ಲದಕ್ಕೂ ಇನ್ನೆರಡು ನಿಮಿಷ. ಚರ್ಮ, ಬೆಣ್ಣೆ, ಬ್ರೆಡ್ ಸರಿಯಾಗಿ ಬಿದ್ದಿದ್ದರೆ ಆ ಹೆಚ್ಚಿನ ನಿಮಿಷಗಳನ್ನು ಪ್ಯಾಟಿ ತಡೆದುಕೊಳ್ಳುತ್ತದೆ.

ಸುರತ್ಕಲ್‌ನಿಂದ:
ಒಂದೇ ಮೆಷಿನ್, ಒಂದೇ ಅಳತೆ, ಆದರೂ ಒಂದು ದಿನ 9 ನಿಮಿಷ, ಇನ್ನೊಂದು ದಿನ 12 ಆದರೆ ವೋಲ್ಟೇಜ್ ನೋಡಿ. ಬಿಸಿ ಮಾಡುವ ಕಾಯಿಲ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 200 ಬಂದರೆ 1,500 ವಾಟಿನ ಮೆಷಿನ್ ಸುಮಾರು 1,130 ವಾಟ್ ಕೊಡುತ್ತದೆ, ಕಾಲು ಭಾಗ ಹೋಯಿತು. ಸಂಜೆ ಹೊತ್ತು ಹಾಗಾಗುವ ಮನೆಯಲ್ಲಿ ಮೊದಲು ಕಾಯಿಸುವುದನ್ನು 6-7 ನಿಮಿಷ ಮಾಡಿ, ಒಮ್ಮೆಗೆ ಎರಡೇ ಪ್ಯಾಟಿ ಇಡಿ. ಮೆಷಿನ್‌ಗೆ 16 ಆಂಪಿಯರ್ ಸಾಕೆಟ್ ಇರಲಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ.

ಕೊಬ್ಬು ತೊಟ್ಟಿಕ್ಕಿ ಹೊಗೆ ಬಂದರೆ ಬುಟ್ಟಿಯ ಕೆಳಗಿನ ಡ್ರಾಯರಿಗೆ 2-3 ಚಮಚ ನೀರು ಹಾಕಬಹುದು, ನಿಮ್ಮ ಮೆಷಿನ್‌ನ ಪುಸ್ತಕದಲ್ಲಿ ಬೇಡವೆಂದಿಲ್ಲದಿದ್ದರೆ. ಡಬ್ಬಿಯ ಸ್ಪ್ರೇ ಎಣ್ಣೆ ನಾನ್‌ಸ್ಟಿಕ್ ಲೇಪದ ಮೇಲೆ ಅಂಟಾಗಿ ಕೂತು ಹಾಳು ಮಾಡುತ್ತದೆ, ಬ್ರಶ್ಶೇ ಒಳ್ಳೆಯದು. ಬೇಕಿಂಗ್ ಕಾಗದ ಹಾಕುವುದಾದರೆ ತೂತಿನದ್ದು, ಅದೂ ಪ್ಯಾಟಿಯ ಜೊತೆಗೇ. ಖಾಲಿ ಕಾಯಿಸುವಾಗ ಇಟ್ಟರೆ ಹಾರಿ ಕಾಯಿಲ್‌ಗೆ ತಾಗಿ ಸುಡುತ್ತದೆ.

ಕದ್ರಿಯಿಂದ:
ಚೀಸ್ ಕೂಡ ಹಾರುತ್ತದೆ. ಪ್ಯಾಟಿ ಆದ ಮೇಲೆ ಮೆಷಿನ್ ಆಫ್ ಮಾಡಿ, ಚೀಸ್ ಹಾಳೆ ಇಟ್ಟು, ಬುಟ್ಟಿ ಒಳಗೆ ತಳ್ಳಿ ಮುಕ್ಕಾಲು ನಿಮಿಷ ಬಿಟ್ಟು ತೆಗೆಯಿರಿ, ಗಾಳಿ ಇಲ್ಲದೆಯೇ ಕರಗುತ್ತದೆ. ಬನ್ ಬೇಕರಿಯ ಸಪ್ಪೆ ಬನ್ ಆಗಲಿ, ಬಾಳೆಹಣ್ಣಿನ ಮಂಗಳೂರು ಬನ್ಸ್ ಇದಕ್ಕೆ ತೀರಾ ಸಿಹಿ. ಕತ್ತರಿಸಿದ ಬದಿಗೆ ಬೆಣ್ಣೆ ಸವರಿ ಕಾವಲಿಯಲ್ಲೇ ಕೆಂಪು ಮಾಡಿ. ಏರ್ ಫ್ರೈಯರ್‌ನಲ್ಲಿ ಬನ್ ರಸ್ಕ್ ಆಗುತ್ತದೆ. ಹುಳಿ, ಖಾರ ಎಲ್ಲ ಸಾಸಿನಲ್ಲಿ ತೀರಿಸಿಕೊಳ್ಳಿ: 3 ಚಮಚ ಮೇಯನೇಸ್‌ಗೆ ಕರಿದ ಮಜ್ಜಿಗೆ ಮೆಣಸು ಒಂದು ಪುಡಿ ಮಾಡಿ, ನಾಲ್ಕು ಹನಿ ನಿಂಬೆ.

ಕುಂಜಿಬೆಟ್ಟಿನಿಂದ:
ಆರೂ ಒಂದೇ ದಿನ ಬೇಡದಿದ್ದರೆ: ಕರಗಿಸಿದ ಹಸಿ ಮಾಂಸವನ್ನು ಪುನಃ ಫ್ರೀಜರಿಗೆ ಹಾಕಿದರೆ ಇದ್ದ ರಸವೂ ಸೋರುತ್ತದೆ. ಎಲ್ಲವನ್ನೂ ಬೇಯಿಸಿ, ತಣಿಸಿ, ನಡುವೆ ಬೇಕಿಂಗ್ ಕಾಗದ ಇಟ್ಟು ಡಬ್ಬಿಯಲ್ಲಿ ಫ್ರೀಜ್ ಮಾಡಿ. ತಿನ್ನುವ ದಿನ ಫ್ರಿಜ್‌ನಲ್ಲಿ ಕರಗಿಸಿ, ಫಾಯಿಲ್‌ನಲ್ಲಿ ಒಂದು ಚಮಚ ನೀರಿನ ಜೊತೆ ಬಿಗಿಯಾಗಿ ಸುತ್ತಿ 160 ಡಿಗ್ರಿಯಲ್ಲಿ 8 ನಿಮಿಷದಷ್ಟು, ನಡು ಹೊಗೆಯಾಡುವಷ್ಟು ಬಿಸಿಯಾಗುವವರೆಗೆ ಇಡಿ. ಸುತ್ತದೆ ಹಾಗೇ ಇಟ್ಟರೆ ಗಾಳಿ ಪುನಃ ಒಣಗಿಸುತ್ತದೆ.