ಬೀರು, ಕಿಚನ್ ಕೊಟೇಶನ್‌ಗೆ ಯಾವ ಸಾಫ್ಟ್‌ವೇರ್ ತಗೋಬೇಕು? ಬಳ್ಳಾರಿಯ ಸಣ್ಣ ಶಾಪ್

ಕೌಲ್‌ಬಜಾರ್ ಪ್ಲೈ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಸಣ್ಣ ಶಾಪ್. ಪ್ಲೈ ಕೊಯ್ಯೋಕೆ ಒಂದು ಪ್ಯಾನಲ್ ಸಾ, ಅಂಚಿಗೆ ಪಟ್ಟಿ ಅಂಟಿಸೋಕೆ ಒಂದು ಎಡ್ಜ್ ಬ್ಯಾಂಡಿಂಗ್ ಮಿಷನ್, ನನ್ನನ್ನೂ ಸೇರಿಸಿ ಏಳು ಜನ. ಕಿಚನ್, ವಾರ್ಡ್‌ರೋಬ್, ಟಿವಿ ಯೂನಿಟ್ ಮಾಡುತ್ತೇವೆ, ಈಚೆಗೆ ಆರ್ಕಿಟೆಕ್ಟ್‌ಗಳ ಕಡೆಯಿಂದ ಕ್ಲಿನಿಕ್, ಆಫೀಸ್ ಕೆಲಸವೂ ಬರುತ್ತಿದೆ. ಇಲ್ಲಿವರೆಗೆ ಲೆಕ್ಕವೆಲ್ಲ ಡೈರಿಯಲ್ಲೇ. ಎದುರಿನ ಉದ್ದ ಅಗಲ ಅಳೆದು, ಚದರಡಿಗೆ ಇಷ್ಟು ಅಂತ ಗುಣಿಸಿ, ವಾಟ್ಸಾಪ್ ಮಾಡಿಬಿಡೋದು.

ಹೋದ ತಿಂಗಳು ಇದಕ್ಕೆ ಸರಿಯಾದ ಪೆಟ್ಟು ಬಿತ್ತು. ಒಂದು ಹಾಸ್ಟೆಲ್‌ಗೆ 24 ಬೀರು. ಡ್ರಾಯಿಂಗ್‌ನ ಪಿಡಿಎಫ್ ಬಂತು, ಎಲಿವೇಶನ್ ಪುಟ, ಅಂದರೆ ಎದುರಿನ ನೋಟ, ನೋಡಿದೆ, ಒಂದೊಂದು 3 ಅಡಿ ಅಗಲ, 7 ಅಡಿ ಎತ್ತರ, 21 ಚದರಡಿ. ರೇಟ್ ಹಾಕಿ ಕೊಟ್ಟುಬಿಟ್ಟೆ. ಒಳಗೆ ಎರಡೆರಡು ಡ್ರಾಯರ್ ಇರೋದು ಮೂರು ಪುಟ ಆಚೆ ಸೆಕ್ಷನ್‌ನಲ್ಲಿ, ಅಂದರೆ ಒಳಗನ್ನು ಸೀಳಿ ತೋರಿಸುವ ಚಿತ್ರದಲ್ಲಿ ಇತ್ತು. 48 ಡ್ರಾಯರ್, ಅವು ಜಾರೋಕೆ 48 ಜೊತೆ ಚಾನೆಲ್, ಒಂದು ಪೈಸೆಯನ್ನೂ ಹಿಡಿದಿರಲಿಲ್ಲ. ಕೇಳಲು ಹೋದರೆ "ಡ್ರಾಯಿಂಗ್‌ನಲ್ಲಿ ಇತ್ತಲ್ವಾ" ಅಂದರು. ಇತ್ತು, ಏನು ಮಾಡೋದು.

ಈಗ ಸಾಫ್ಟ್‌ವೇರ್ ಹುಡುಕುತ್ತಿದ್ದೇನೆ. ಪ್ಲಾನ್‌ಸ್ವಿಫ್ಟ್, ಬ್ಲೂಬೀಮ್, ಕ್ಯಾಬಿನೆಟ್ ವಿಷನ್, ಮೊಝಾಯಿಕ್, ಮ್ಯಾಕ್ಸ್‌ಕಟ್, ಹೀಗೆ ಹತ್ತು ಹೆಸರು ಸಿಕ್ಕಿವೆ, ಯಾವುದು ಯಾವುದಕ್ಕೆ ಅಂತ ತಲೆ ಬುಡ ಗೊತ್ತಾಗುತ್ತಿಲ್ಲ. ಫೋನ್ ಮಾಡಿದವರೆಲ್ಲ "ಎಲ್ಲಾ ಮಾಡುತ್ತೆ ಸರ್" ಅನ್ನುತ್ತಾರೆ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ತಾನೇ ಕೊಯ್ಯುವ ಮಿಷನ್, ನಮ್ಮಲ್ಲಿಲ್ಲ, ಸದ್ಯಕ್ಕೆ ತರುವ ಯೋಚನೆಯೂ ಇಲ್ಲ. ಬಳಸುತ್ತಿರುವವರು ಸ್ವಲ್ಪ ಹೇಳಿ.

ಗಂಗಾವತಿ ಮೈಕಾ:

ಅಣ್ಣ, ನಾನು 3ಡಿ ಡ್ರಾಯಿಂಗ್ ಮಾಡುವ ಸ್ಕೆಚ್‌ಅಪ್‌ಗೆ ಓಪನ್‌ಕಟ್‌ಲಿಸ್ಟ್ ಅನ್ನೋ ಎಕ್ಸ್‌ಟೆನ್ಶನ್ ಹಾಕಿಕೊಂಡಿದ್ದೇನೆ. ಎಕ್ಸ್‌ಟೆನ್ಶನ್ ಪೂರ್ತಿ ಫ್ರೀ. ಆದರೆ ಬ್ರೌಸರ್‌ನಲ್ಲಿ ಓಡುವ ಫ್ರೀ ಸ್ಕೆಚ್‌ಅಪ್‌ಗೆ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ, ಪ್ರೋ ತಗೋಬೇಕು, ಇದನ್ನು ಮೊದಲೇ ತಿಳಿದುಕೊಳ್ಳಿ, ನಾನು ಎರಡು ದಿನ ಒದ್ದಾಡಿದ್ದೆ. ಬೀರು ಬರೆದರೆ ಸಾಕು, ಯಾವ ತುಂಡು ಎಷ್ಟು, ಯಾವ ಅಂಚಿಗೆ ಬ್ಯಾಂಡ್, 8x4 ಅಡಿ ಪ್ಲೈ ಹಾಳೆಯಲ್ಲಿ ಹೇಗೆ ಕೂರುತ್ತದೆ, ಎಲ್ಲಾ ಬರುತ್ತದೆ. ಗ್ರೇನ್, ಅಂದರೆ ಮರದ ಗೆರೆ, ಯಾವ ಕಡೆ ಅಂತಲೂ ಹೇಳಬಹುದು. ಹಾಳೆಯ ರೇಟ್ ತುಂಬಿದರೆ ಅಂದಾಜು ವೆಚ್ಚವನ್ನೂ ಕೊಡುತ್ತದೆ.

ಒಂದು ಮಾತ್ರ ಹುಷಾರು. ಮೊದಲ ಸಲ ಬ್ಲೇಡ್ ದಪ್ಪದ ಜಾಗದಲ್ಲಿ ಸೊನ್ನೆ ಬಿಟ್ಟಿದ್ದೆ. ಬೀರಿನ ಆಳ 24 ಇಂಚು ಬರೆದಿದ್ದೆ. 48 ಇಂಚಿನ ಹಾಳೆಯಲ್ಲಿ ಎರಡು ಪಟ್ಟಿ ಆರಾಮಾಗಿ ಬರುತ್ತೆ ಅಂತ ಅದು ತೋರಿಸಿತು, ನಾನೂ ಖುಷಿಯಾಗಿ ಹಾಳೆ ತರಿಸಿದೆ. ಬ್ಲೇಡ್ ತಿನ್ನೋದೇ ಮೂರು ಮಿಲಿಮೀಟರ್ ಮೇಲೆ, ನಮ್ಮ ಹುಡುಗರ ಲೆಕ್ಕದಲ್ಲಿ ಒಂದು ಸೂತ್. ಪ್ರತಿ ಹಾಳೆಯಲ್ಲೂ ಎರಡನೇ ಪಟ್ಟಿ ಒಂದು ಸೂತ್ ಕಡಿಮೆ! ನಾಲ್ಕು ಹಾಳೆ ಕೊಯ್ದ ಮೇಲೆ ಹುಡುಗ ಬಂದು "ಸೇಠ್, ಕುಛ್ ಗಡ್‌ಬಡ್ ಹೈ" ಅಂದ. ಈಗ ಆಳ 600 ಮಿಮೀ ಮೀರಲ್ಲ, ಬ್ಲೇಡ್ 4 ಅಂತ ಹಾಕಿರುತ್ತೇನೆ.

ರಾಯಚೂರು ಅಂದಾಜು:

ನಾನು ಏಳು ವರ್ಷ ಒಬ್ಬ ಇಂಟೀರಿಯರ್ ಕಂಟ್ರಾಕ್ಟರ್ ಹತ್ತಿರ ಬರೀ ಎಸ್ಟಿಮೇಶನ್ ಮಾಡಿದವನು. ನೀವು ಹೇಳಿದ ಹೆಸರುಗಳೆಲ್ಲ ಒಂದೇ ಜಾತಿಯವಲ್ಲ, ಗೊಂದಲ ಅಲ್ಲೇ ಇರೋದು.

ಪ್ಲಾನ್‌ಸ್ವಿಫ್ಟ್, ಬ್ಲೂಬೀಮ್ ಇರೋದು ಪಿಡಿಎಫ್ ಮೇಲೆ ಅಳೆಯೋಕೆ, ಎಣಿಸೋಕೆ. ಬೀರು ಅಂದರೆ ಏನು ಅಂತ ಅವಕ್ಕೆ ಗೊತ್ತಿಲ್ಲ. ಪ್ಲಾನ್‌ಸ್ವಿಫ್ಟ್‌ನಲ್ಲಿ ಅಸೆಂಬ್ಲಿ ಅಂತ ಮಾಡಿಕೊಂಡು, ಒಂದು ಬೀರಿಗೆ ಇಷ್ಟು ಪ್ಲೈ, ಇಷ್ಟು ಹಿಂಜ್, ಇಷ್ಟು ಅಂಟು ಅಂತ ನೀವು ಕಲಿಸಿಕೊಟ್ಟರೆ ಆಮೇಲೆ ಒಂದು ಕ್ಲಿಕ್‌ಗೆ ಅಷ್ಟೂ ಲೆಕ್ಕ ಬರುತ್ತದೆ. ಬ್ಲೂಬೀಮ್‌ನಲ್ಲಿ ಗುರುತು ಮಾಡಿದ್ದನ್ನೆಲ್ಲ ಪಟ್ಟಿ ಮಾಡಿ ಎಕ್ಸೆಲ್‌ಗೆ ಒಯ್ಯಬಹುದು. ಕ್ಯಾಬಿನೆಟ್ ವಿಷನ್, ಮೊಝಾಯಿಕ್, ಮೈಕ್ರೋವೆಲಮ್ ದಾರಿಯೇ ಬೇರೆ. ಡಿಸೈನ್‌ನಿಂದ ಹಿಡಿದು ಮಿಷನ್‌ವರೆಗೆ ಹೋಗುವಂಥವು. ಸಿಎನ್‌ಸಿ ಇಲ್ಲದೆ ಅವನ್ನು ತಂದರೆ ಎತ್ತಿನಗಾಡಿಗೆ ಲಾರಿ ಎಂಜಿನ್ ಕೂರಿಸಿದ ಹಾಗೆ. ಮ್ಯಾಕ್ಸ್‌ಕಟ್ ಕಟ್ಟಿಂಗ್ ಲೆಕ್ಕಕ್ಕೆ, ಅದರ ಫ್ರೀ ಆವೃತ್ತಿಯೂ ಇದೆ.

ಈಗ ನಿಮ್ಮ ಹಾಸ್ಟೆಲ್ ವಿಷಯ. ಬೇಜಾರಾಗಬೇಡಿ, ಆ ತಪ್ಪು ಸಾಫ್ಟ್‌ವೇರ್ ಇದ್ದರೂ ಆಗುತ್ತಿತ್ತು. ಸೆಕ್ಷನ್ ಪುಟವನ್ನು ಅದು ತಾನಾಗಿ ತೆರೆದು ತೋರಿಸಲ್ಲ. ಆದರೆ ನಾವು ಒಂದು ರೂಢಿ ಇಟ್ಟುಕೊಂಡಿದ್ದೆವು. ಎಣಿಸಿದ ಪ್ರತಿಯೊಂದಕ್ಕೂ ಬಣ್ಣ ಬಳಿಯೋದು. ಹಿಂಜ್ ಹಸಿರು, ಡ್ರಾಯರ್ ಕೆಂಪು, ಏನೋ ಒಂದು. ರೇಟ್ ಕಳಿಸುವ ಮೊದಲು ಪುಟ ತಿರುವಿ, ಬಣ್ಣವೇ ಬೀಳದ ಪುಟ ಯಾವುದಿದೆ ಅಂತ ನೋಡೋದು. ಅಲ್ಲೇ ಏನಾದರೂ ಬಿಟ್ಟಿರುತ್ತೇವೆ.

ಇನ್ನೊಂದು, ಸ್ಕೇಲ್. ಎ3 ಅಳತೆಗೆ ಮಾಡಿದ ಡ್ರಾಯಿಂಗನ್ನು ಆಫೀಸಿನಲ್ಲಿ ಯಾರೋ ಎ4ಗೆ ಕುಗ್ಗಿಸಿ ಪಿಡಿಎಫ್ ಮಾಡಿ ಕಳಿಸಿರುತ್ತಾರೆ. ಮೂಲೆಯಲ್ಲಿ ಮಾತ್ರ 1:50 ಅಂತಲೇ ಇರುತ್ತದೆ. ಅದನ್ನು ನಂಬಿ ಅಳೆದರೆ 10 ಅಡಿ ಕೌಂಟರ್ 7 ಅಡಿ 1 ಇಂಚು ಬರುತ್ತದೆ. ಪ್ರತಿ ಪುಟದಲ್ಲೂ ಬರೆದಿರುವ ದೊಡ್ಡ ಅಳತೆ ಒಂದನ್ನು ಹಿಡಿದು ಸ್ಕೇಲ್ ಕೂರಿಸಿಕೊಳ್ಳಿ, ಪ್ರತಿ ಪುಟದಲ್ಲೂ.

ಕಿನ್ನಾಳ ರಸ್ತೆ:

ತಮ್ಮಾ, ನಾನು ಕೊಪ್ಪಳದವ, ವಯಸ್ಸಾದವ, ಎಕ್ಸೆಲ್ ಬಿಟ್ಟು ಬೇರೇನೂ ಬರಲ್ಲ. ಅದನ್ನೂ ಮಗಳು ಕಲಿಸಿದ್ದು. ನಿನ್ನ ಪೋಸ್ಟ್‌ನಲ್ಲಿ ಡ್ರಾಯರ್‌ಗಿಂತ ದೊಡ್ಡ ತೂತು ಕಾಣಿಸಿತು, ಅದಕ್ಕೆ ಬರೀತಿದ್ದೇನೆ. ಎದುರಿನ ಚದರಡಿಗೆ ರೇಟ್ ಅಂದೆಯಲ್ಲ, ಅದು.

ಒಂದು ಬೀರು ಹಿಡಿ. 7 ಅಡಿ ಎತ್ತರ, 6 ಅಡಿ ಅಗಲ, 2 ಅಡಿ ಆಳ, ನಡುವೆ ಒಂದು ಪಾರ್ಟಿಶನ್. ಎದುರು 42 ಚದರಡಿ. ಈಗ 18 ಎಂಎಂ ಪ್ಲೈ ಲೆಕ್ಕ ಹಾಕು. ಎರಡು ಪಕ್ಕ ಮತ್ತು ಪಾರ್ಟಿಶನ್ ಸೇರಿ 42, ಮೇಲೆ ಕೆಳಗೆ 24, ಎಂಟು ಶೆಲ್ಫ್ 44, ಬಾಗಿಲು 42. ಒಟ್ಟು 152. ಹಾಳೆಗೆ 32 ಚದರಡಿ, ಭಾಗಿಸಿದರೆ 4.75 ಬರುತ್ತೆ. ಐದು ಹಾಳೆ ಸಾಕು ಅಂತೀಯ ಅಲ್ವಾ? ಸಾಲಲ್ಲ. ನಾಲ್ಕು ಬಾಗಿಲು ಒಂದೊಂದು ಒಂದೂವರೆ ಅಡಿ ಅಗಲ. ನಾಲ್ಕು ಅಡಿ ಹಾಳೆಯಲ್ಲಿ ಎರಡೇ ಬರೋದು, ಗ್ರೇನ್ ಮೇಲಿಂದ ಕೆಳಕ್ಕೇ ಇರಬೇಕು, ಒಂದಡಿ ಪಟ್ಟಿ ಪಕ್ಕಕ್ಕೆ ಉಳಿಯುತ್ತೆ. ಬಾಗಿಲಿಗೇ ಎರಡು ಹಾಳೆ ಹೋಯ್ತು. ಉಳಿದಿದ್ದನ್ನು ಎಷ್ಟೇ ಜಾಣತನದಿಂದ ಕೂರಿಸಿದರೂ ನಾಲ್ಕು. ಆರು ಹಾಳೆ. ಹಿಂಬದಿಯ 6 ಎಂಎಂ ಕೂಡ ಹಾಗೇ, ಚದರಡಿಯಲ್ಲಿ ಹಾಳೆ ಒಂದು ಚಿಲ್ಲರೆ, ಕೊಯ್ಯುವಾಗ ಎರಡು. ಉಳಿದ ಪಟ್ಟಿ ಸ್ಕರ್ಟಿಂಗ್‌ಗೆ, ಡ್ರಾಯರ್ ಪಕ್ಕಕ್ಕೆ ಬರುತ್ತೆ, ಸುಮ್ನೆ ಹೋಗಲ್ಲ, ಆದರೆ ದುಡ್ಡು ಇವತ್ತೇ ಕೊಟ್ಟಿರ್ತೀಯ. ನಾಲ್ಕು ಬಾಗಿಲಿಗೆ ನಾಲ್ಕು ನಾಲ್ಕು ಅಂದರೆ 16 ಹಿಂಜ್. ಅದೇ 42 ಚದರಡಿಯಲ್ಲಿ ಇನ್ನೊಬ್ಬ ಗಿರಾಕಿ ಬರೀ ರಾಡ್ ಹಾಕಿಸಿಕೊಂಡು ಎರಡೇ ಶೆಲ್ಫ್ ಕೇಳ್ತಾನೆ. ಇಬ್ಬರಿಗೂ ಒಂದೇ ರೇಟಾ?

ಎಕ್ಸೆಲ್‌ನಲ್ಲಿ ನಾನು ಹಾಳೆ ಲೆಕ್ಕಕ್ಕೆ, ಚಿಲ್ಲರೆ ಬಂದರೆ ಮುಂದಿನ ಪೂರ್ಣ ಸಂಖ್ಯೆಗೆ ಏರಿಸುವ ರೌಂಡ್‌ಅಪ್ ಹಾಕಿ, ಅದರ ಪಕ್ಕ ಕೈಯಲ್ಲಿ ತಿದ್ದೋಕೆ ಒಂದು ಕಾಲಮ್ ಬಿಟ್ಟಿದ್ದೇನೆ. ಮೈಕಾ, ಅಂದರೆ ಲ್ಯಾಮಿನೇಟ್, ಅಂಟಿಸುವ ಕೂಲಿ ಬೇರೆ ಸಾಲು. ಸೈಟ್‌ಗೆ ಸಾಗಿಸೋದು, ಮೂರನೇ ಮಹಡಿಗೆ ಹೊರೋದು ಬೇರೆ ಸಾಲು.

ಡೆಮೊ ಕೊಡೋಕೆ ಬಂದರೆ ಅವರ ಸ್ಯಾಂಪಲ್ ಕಿಚನ್ ನೋಡಬೇಡ. ಆ ಹಾಸ್ಟೆಲ್ ಪಿಡಿಎಫ್ ಕೈಗೆ ಕೊಟ್ಟು, ನನ್ನ ಮುಂದೆ ಮಾಡಿ ತೋರಿಸಿ ಅನ್ನು. ನಿನಗೆ ನಿಜವಾಗಿ ಎಷ್ಟು ಹಾಳೆ ಹಿಡಿಯಿತು ಅನ್ನೋದು ಗೊತ್ತಿದೆ, ಅವರಿಗೆ ಗೊತ್ತಿಲ್ಲ.

ಕೌಲ್‌ಬಜಾರ್ ಪ್ಲೈ:

ಕೊಪ್ಪಳದ ಅಣ್ಣಾವರೇ, ನೀವು ಹೇಳಿದ್ದನ್ನೇ ಮಾಡಿದೆ. ಒಬ್ಬರು ಆನ್‌ಲೈನ್ ಡೆಮೊ ಕೊಟ್ಟರು, ಯಾವ ಕಂಪನಿ ಅನ್ನೋದು ಬೇಡ. ಅವರ ಕಿಚನ್ ಎರಡು ನಿಮಿಷಕ್ಕೆ ರೆಡಿಯಾಯ್ತು, ಬಣ್ಣ ಬಣ್ಣದ್ದು. ಹಾಸ್ಟೆಲ್ ಬೀರಿಗೆ ಬಂದಾಗ ಕೇಳಿದೆ, ನಮ್ಮದು ಪ್ಲೈ ಮೇಲೆ ಹೊರಗೆ 1 ಎಂಎಂ ಮೈಕಾ, ಒಳಗೆ ತೆಳು ಲೈನರ್ ಮೈಕಾ, ಎರಡನ್ನೂ ನಾವೇ ಅಂಟಿಸೋದು, ಅದರ ಅಂಟು, ಕೂಲಿ ಎಲ್ಲಿ ಬರುತ್ತೆ? ಅವರ ಲೈಬ್ರರಿಯಲ್ಲಿ ಇದ್ದದ್ದು ಫ್ಯಾಕ್ಟರಿಯಿಂದಲೇ ಲ್ಯಾಮಿನೇಟ್ ಆಗಿ ಬರುವ ಬೋರ್ಡ್ ಮಾತ್ರ. "ಕಸ್ಟಮ್ ಮಾಡಿಕೊಳ್ಳಬಹುದು ಸರ್" ಅಂದರು. ಯಾರು ಮಾಡಿಕೊಳ್ಳೋದು ಅಂದರೆ, ನೀವೇ!

ಆಮೇಲೆ ಮೂರು ಸಂಜೆ ಕೂತು ಹಳೇ ಐದು ಕೆಲಸದ ಬಿಲ್ ತೆಗೆದು ಎಕ್ಸೆಲ್‌ಗೆ ಹಾಕಿದೆ. ಎರಡರಲ್ಲಿ ಲಾಭ ಅಂದುಕೊಂಡಿದ್ದು ಬರೀ ಕೂಲಿಯಾಗಿತ್ತು, ಬಿಡಿ, ಮನೆಯಲ್ಲಿ ಇನ್ನೂ ಹೇಳಿಲ್ಲ. ಸದ್ಯಕ್ಕೆ ಸ್ಕೆಚ್‌ಅಪ್ ಪ್ರೋ ಒಂದು ವರ್ಷಕ್ಕೆ ತಗೊಂಡು ಓಪನ್‌ಕಟ್‌ಲಿಸ್ಟ್ ಹಾಕುತ್ತೇನೆ, ರೇಟ್ ಎಲ್ಲಾ ಎಕ್ಸೆಲ್‌ನಲ್ಲಿ. ಆರ್ಕಿಟೆಕ್ಟ್ ಪಿಡಿಎಫ್ ತಿಂಗಳಿಗೆ ಒಂದೆರಡು ಬರೋದು, ಅದಕ್ಕೆ ದುಡ್ಡು ಕೊಟ್ಟು ಟೇಕಾಫ್ ಸಾಫ್ಟ್‌ವೇರ್, ಅಂದರೆ ಪ್ಲಾನ್‌ಸ್ವಿಫ್ಟ್, ಬ್ಲೂಬೀಮ್ ಥರದ್ದು, ಈಗ ಬೇಡ. ಪ್ರಿಂಟ್ ತೆಗೆದು ಬಣ್ಣದ ಪೆನ್ನಲ್ಲೇ ಗುರುತು ಮಾಡುತ್ತೇನೆ.

ಕೊನೇ ಪ್ರಶ್ನೆ, ಲ್ಯಾಪ್‌ಟಾಪ್ ಎಲ್ಲಿ ಇಡ್ತೀರಿ? ನಮ್ಮಲ್ಲಿ ಸಾ ಪಕ್ಕದ ಟೇಬಲ್ ಮೇಲೆ ಚಹಾ ಲೋಟ ಇಟ್ಟರೂ ಎರಡು ನಿಮಿಷಕ್ಕೆ ಮೇಲೆ ಹೊಟ್ಟು ತೇಲುತ್ತೆ.

ಗಂಗಾವತಿ ಮೈಕಾ:

ಶಾಪ್ ಒಳಗೆ ತರಲೇಬೇಡಿ ಅಣ್ಣ, ನಂದು ಒಂದು ಕೀಬೋರ್ಡ್ ಹೋಗಿದೆ. ಮನೆಯಲ್ಲೇ ಮಾಡಿ ಪ್ರಿಂಟ್ ತೆಗೆಯಿರಿ. ವೇಸ್ಟ್ ಮೈಕಾ ತುಂಡಿಗೆ ಅಂಟಿಸಿ ಸಾ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ, ಕೊಯ್ದ ತುಂಡಿಗೆ ಹುಡುಗರು ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತಾರೆ. ಮತ್ತೆ ಪ್ರಿಂಟ್‌ನಲ್ಲಿ ಮಿಮೀ, ಇಂಚು ಎರಡನ್ನೂ ಒಟ್ಟಿಗೆ ಕೊಡಬೇಡಿ, ಯಾವುದಾದರೂ ಒಂದೇ ಕೊಡಿ. ಒಬ್ಬ ಇದನ್ನು ನೋಡ್ತಾನೆ, ಇನ್ನೊಬ್ಬ ಅದನ್ನು.