ರಾಚೆಸ್ಟರ್ ರೆಡ್ ವಿಂಗ್ಸ್: ಬೇಸ್‌ಬಾಲ್ ತಂಡವೊಂದಕ್ಕೆ ಊರಿನವರೇ ಒಡೆಯರಾದದ್ದು ಹೇಗೆ?

ತ್ಯಾಗರಾಜನಗರದ ಅಂಪೈರ್ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಚಿನ್ನಸ್ವಾಮಿ ಕ್ರೀಡಾಂಗಣದ ಗ್ಯಾಲರಿಯಲ್ಲಿ ರಣಜಿ ಪಂದ್ಯಗಳನ್ನು ನೋಡುತ್ತ ಬೆಳೆದವನು ನಾನು. ಮಗಳು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಓದುತ್ತಿದ್ದಾಳೆ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ರೆಡ್ ವಿಂಗ್ಸ್ ಎಂಬ ಮೈನರ್ ಲೀಗ್ ತಂಡದ ಪಂದ್ಯಕ್ಕೆ ಕರೆದೊಯ್ದಳು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು "ಈ ತಂಡ ನಮ್ಮದು" ಎಂದರು. ಅಭಿಮಾನದ ಮಾತೆಂದುಕೊಂಡೆ. ಆದರೆ ತಮ್ಮ ತಂದೆ ಕೊಂಡ ಷೇರು ಇನ್ನೂ ತಮ್ಮ ಬಳಿ ಇದೆ ಎಂದು ಅವರು ಹೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಎರಡನೆಯ ದರ್ಜೆಯ ತಂಡವೊಂದು 1899ರಿಂದ ಒಂದೇ ಊರಿನಲ್ಲಿ ಉಳಿದದ್ದು ಹೇಗೆ, ಅದರ ಒಡೆತನ ನಿಜಕ್ಕೂ ಯಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮಲ್ಲೇಶ್ವರದ ಹಳೆಯ ಸ್ಕೋರರ್:

ಸರ್, ಮೊದಲು ರಣಜಿಯ ಹೋಲಿಕೆಯನ್ನು ಬದಿಗಿಡಬೇಕಾಗುತ್ತದೆ. ರಣಜಿ ತಂಡ ರಾಜ್ಯದ ಕ್ರಿಕೆಟ್ ಸಂಸ್ಥೆಯದು, ಆಟಗಾರರನ್ನು ಆರಿಸುವುದೂ ಅದೇ. ಮೈನರ್ ಲೀಗ್‌ನಲ್ಲಿ ಹಾಗಲ್ಲ: ಆಟಗಾರರು, ತರಬೇತುದಾರರು, ಅವರ ಸಂಬಳ ಎಲ್ಲವೂ ಮೇಜರ್ ಲೀಗ್‌ನ ಮಾತೃತಂಡಕ್ಕೆ ಸೇರಿದ್ದು, ಸ್ಥಳೀಯ ಒಡೆಯರಿಗೆ ಉಳಿಯುವುದು ಹೆಸರು, ಟಿಕೆಟ್ ಮಾರಾಟ, ಪಂದ್ಯದ ದಿನದ ವ್ಯವಸ್ಥೆ. ಈ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿದವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ. ಅವರ ಕಾಲದಲ್ಲೇ ರಾಚೆಸ್ಟರ್ ತಂಡ ಕಾರ್ಡಿನಲ್ಸ್ ಒಡೆತನಕ್ಕೆ ಬಂದಿತು. ಮುಂದೆ ದಂತಕಥೆಯಾದ ಸ್ಟಾನ್ ಮ್ಯೂಸಿಯಲ್ 1941ರಲ್ಲಿ ಇಲ್ಲಿ ಆಡಿ, ಅದೇ ವರ್ಷ ಮೇಲಕ್ಕೆ ಹೋದರು.

ನಿಮ್ಮ ಷೇರಿನ ಕಥೆ ಇರುವುದು 1957ರಲ್ಲಿ. ಕಾರ್ಡಿನಲ್ಸ್ ಆಡಳಿತ ರಾಚೆಸ್ಟರ್ ತಂಡವನ್ನು ಕೈಬಿಡಲು ನಿರ್ಧರಿಸಿದಾಗ, ಮಾರಿ ಸಿಲ್ವರ್ ಎಂಬ ಸ್ಥಳೀಯ ವ್ಯಾಪಾರಿ ಮುಂದೆ ನಿಂತು, ಊರಿನ ಜನರಿಗೇ ಷೇರುಗಳನ್ನು ಮಾರಿ ತಂಡವನ್ನೂ ಕ್ರೀಡಾಂಗಣವನ್ನೂ ಕೊಳ್ಳುವ ಅಭಿಯಾನ ನಡೆಸಿದರು. ಹೀಗೆ ಷೇರು ಕೊಂಡವರು 8,222 ಮಂದಿ. ರಾಚೆಸ್ಟರ್ ಕಮ್ಯುನಿಟಿ ಬೇಸ್‌ಬಾಲ್ ಎಂಬ ಆ ಕಂಪನಿಯೇ ಇಂದಿಗೂ ತಂಡವನ್ನು ನಡೆಸುತ್ತಿದೆ. 1968ರಲ್ಲಿ ಕ್ರೀಡಾಂಗಣಕ್ಕೆ ಸಿಲ್ವರ್ ಅವರ ಹೆಸರನ್ನೇ ಇಟ್ಟರು. ಮಾತೃತಂಡ ಮಾತ್ರ ಬದಲಾಗುತ್ತ ಬಂದಿದೆ: 1961ರಿಂದ 2002ರವರೆಗೆ ಬಾಲ್ಟಿಮೋರ್ ಓರಿಯೋಲ್ಸ್, ಅನಂತರ ಮಿನ್ನೆಸೋಟ ಟ್ವಿನ್ಸ್, 2021ರಿಂದ ವಾಷಿಂಗ್ಟನ್ ನ್ಯಾಷನಲ್ಸ್. ಆದ್ದರಿಂದ ನಿಮ್ಮ ಪಕ್ಕದ ಹಿರಿಯರು ತಂಡದ ಪಾಲುದಾರರು ಹೌದು. ಆದರೆ ಮೈದಾನದಲ್ಲಿದ್ದ ಒಬ್ಬ ಆಟಗಾರನೂ ಅವರಿಗೆ ಸೇರಿದವನಲ್ಲ.

ಎಡಗೈ ಸ್ಪಿನ್:

ರೆಡ್ ವಿಂಗ್ಸ್ ಹೆಸರು ಬಂದ ಮೇಲೆ ವೃತ್ತಿಪರ ಬೇಸ್‌ಬಾಲ್‌ನ ಅತ್ಯಂತ ದೀರ್ಘ ಪಂದ್ಯವನ್ನು ಹೇಳದೆ ಬಿಡುವುದು ಹೇಗೆ? ಬೇಸ್‌ಬಾಲ್‌ನಲ್ಲಿ ಒಂದು ಇನ್ನಿಂಗ್ ಎಂದರೆ ಎರಡೂ ತಂಡಗಳು ತಲಾ ಮೂರು ಔಟ್ ಆಗುವವರೆಗಿನ ಆಟ. ಒಂಬತ್ತು ಇನ್ನಿಂಗ್ ಮುಗಿದರೂ ಸಮವಾಗಿದ್ದರೆ ಗೆಲುವು ಸಿಗುವವರೆಗೂ ಆಟ ಮುಂದುವರಿಯುತ್ತಿತ್ತು. 1981ರ ಏಪ್ರಿಲ್ 18ರ ರಾತ್ರಿ ರೋಡ್ ಐಲೆಂಡ್‌ನ ಪಟಕಿಟ್ ರೆಡ್ ಸಾಕ್ಸ್ ವಿರುದ್ಧ, ಅವರದೇ ಮೆಕಾಯ್ ಕ್ರೀಡಾಂಗಣದಲ್ಲಿ ಆರಂಭವಾದ ಪಂದ್ಯ 21ನೆಯ ಇನ್ನಿಂಗ್‌ನಲ್ಲಿ ರಾಚೆಸ್ಟರ್ ಪರವಾಗಿ ಮುಗಿಯುವಂತಿತ್ತು. ಆದರೆ ವೇಡ್ ಬಾಗ್ಸ್ ಹೊಡೆತದಿಂದ ಪಟಕಿಟ್ ಮತ್ತೆ ಸಮ ಮಾಡಿಕೊಂಡಿತು. ಕೊರೆಯುವ ಚಳಿಗೆ ಆಟಗಾರರು ಮುರಿದ ಬ್ಯಾಟುಗಳನ್ನೇ ಉರಿಸಿ ಕೈ ಕಾಯಿಸಿಕೊಂಡರು. ಈಸ್ಟರ್ ಭಾನುವಾರದ ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ, 32 ಇನ್ನಿಂಗ್ ಮುಗಿದ ಮೇಲೆ ಆಟ ನಿಲ್ಲಿಸಿದಾಗ ಉಳಿದಿದ್ದ ಪ್ರೇಕ್ಷಕರು 19 ಮಂದಿ.

ಜೂನ್ 23ರಂದು ಪಂದ್ಯ ಮತ್ತೆ ಆರಂಭವಾಯಿತು. ಮೇಜರ್ ಲೀಗ್ ಆಟಗಾರರು ಆಗ ಮುಷ್ಕರದಲ್ಲಿದ್ದುದರಿಂದ ಪತ್ರಕರ್ತರ ದಂಡೇ ಪಟಕಿಟ್‌ಗೆ ಬಂದಿತ್ತು. 18 ನಿಮಿಷಗಳಲ್ಲಿ, 33ನೆಯ ಇನ್ನಿಂಗ್‌ನಲ್ಲಿ, ಡೇವ್ ಕೋಜಾ ಹೊಡೆತದಿಂದ ಪಟಕಿಟ್ 3-2ರಲ್ಲಿ ಗೆದ್ದಿತು. ರಾಚೆಸ್ಟರ್ ಪರ ಮೂರನೆಯ ಬೇಸ್ ಕಾಯುತ್ತಿದ್ದವರು, ಮುಂದೆ ಸತತ 2,632 ಮೇಜರ್ ಲೀಗ್ ಪಂದ್ಯಗಳನ್ನಾಡಿದ ಕ್ಯಾಲ್ ರಿಪ್ಕೆನ್ ಜೂನಿಯರ್. ಗೆಲುವಿನ ಹೊಡೆತ ಹೊಡೆದ ಕೋಜಾ ಅವರಿಗೆ ಮಾತ್ರ ಒಂದು ಮೇಜರ್ ಲೀಗ್ ಪಂದ್ಯವೂ ದಕ್ಕಲಿಲ್ಲ. ನನಗೆ ಈ ಕಥೆಯಲ್ಲಿ ಕಾಡುವುದು ಇದೇ.

ತ್ಯಾಗರಾಜನಗರದ ಅಂಪೈರ್:

ಇಬ್ಬರಿಗೂ ಕೃತಜ್ಞತೆಗಳು. ಆ ಪಟಕಿಟ್ ತಂಡ ಈಗಲೂ ಆಡುತ್ತಿದೆಯೇ?

ಮಲ್ಲೇಶ್ವರದ ಹಳೆಯ ಸ್ಕೋರರ್:

ಆಡುತ್ತಿದೆ, ಆದರೆ ಪಟಕಿಟ್‌ನಲ್ಲಿ ಅಲ್ಲ. ದಿವಾಳಿಯಾಗಿದ್ದ ಆ ತಂಡವನ್ನು 1977ರಲ್ಲಿ ಕೊಂಡು, ಅಗ್ಗದ ಟಿಕೆಟ್ ಇಟ್ಟು ಜನರನ್ನು ಮರಳಿ ಕರೆತಂದವರು ಬೆನ್ ಮಾಂಡೋರ್. 2010ರಲ್ಲಿ ಅವರು ತೀರಿಕೊಂಡರು. 2015ರಲ್ಲಿ ತಂಡ ಹೊಸ ಹೂಡಿಕೆದಾರರ ಪಾಲಾಯಿತು. ಹೊಸ ಕ್ರೀಡಾಂಗಣಕ್ಕೆ ಸರ್ಕಾರದ ಹಣ ಎಷ್ಟು ಎಂಬ ಚೌಕಾಸಿ ಮುರಿದುಬಿದ್ದು, 2018ರಲ್ಲಿ ಅವರು ನೆರೆಯ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ಗೆ ಹೋಗುವುದಾಗಿ ಘೋಷಿಸಿದರು. ಒಬ್ಬ ಒಳ್ಳೆಯ ಒಡೆಯನಿದ್ದರೂ ಅವನ ಕಾಲದ ನಂತರ ಊರಿಗೆ ಹಿಡಿತವಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ರಾಚೆಸ್ಟರ್‌ನಲ್ಲಾದರೆ ತಂಡವನ್ನು ಸಾಗಿಸಬೇಕೆನ್ನುವವರು ಮೊದಲು ಆ ಷೇರುದಾರರನ್ನು ಒಪ್ಪಿಸಬೇಕಾಗುತ್ತಿತ್ತು. ಮೆಕಾಯ್‌ನಲ್ಲಿ 2020 ಬೀಳ್ಕೊಡುಗೆಯ ವರ್ಷವಾಗಬೇಕಿತ್ತು. ಕೋವಿಡ್‌ನಿಂದಾಗಿ ಮೈನರ್ ಲೀಗ್ ಋತುವೇ ರದ್ದಾಗಿ, ಪಟಕಿಟ್‌ನವರು ತಮ್ಮ ತಂಡದ ಕೊನೆಯ ಪಂದ್ಯವನ್ನು ಅದು ಕೊನೆಯದೆಂದು ತಿಳಿಯದೆಯೇ ಹಿಂದಿನ ವರ್ಷ ನೋಡಿ ಮುಗಿಸಿದ್ದರು.